ಗೊತ್ತಿಲ್ಲದ ನೆಲದ ಮೇಲೆ ಆರು ಗಾಲಿ

ಸೇಲಂ ಬಿಟ್ಟು ನಾಮಕ್ಕಲ್ ಕಡೆಗೆ ಹೊರಟರೆ ಬಂಡೆಗಳ ಸೀಮೆ ಶುರುವಾಗುತ್ತದೆ. ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಕಲ್ಲಿನ ಕ್ರಷರ್ ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕಿವಿಗೆ ಬಂದಿರುತ್ತದೆ. ಕಬ್ಬಿಣದ ದವಡೆಯೊಳಗೆ ಗುಂಡುಕಲ್ಲು ಬಿದ್ದಾಗ ಧಡಾರನೆ ಒಂದು ಏಟು, ಅದು ಒಡೆದು ಸಣ್ಣದಾಗುತ್ತ ಹೋದಂತೆ ಗರಗರ, ಕೊನೆಗೆ ಜರಡಿಯ ಮೇಲೆ ಜಲ್ಲಿ ಕುಣಿಯುವ ಝಲಝಲ. ಡೀಸೆಲ್ ಹೊಗೆಯಲ್ಲಿ ಕಾದ ಬೆಲ್ಟಿನ ರಬ್ಬರ್ ವಾಸನೆ ಬೆರೆತಿರುತ್ತದೆ. ಹುಡಿ ಏಳದಿರಲೆಂದು ಚಿಮುಕಿಸಿದ ನೀರು ಬಿಸಿಲಿಗೆ ಕಾದ ಕಲ್ಲಿಗೆ ತಾಗಿ ಹಸಿ ವಾಸನೆ ಏಳುತ್ತದೆ. ಸ್ವಲ್ಪ ಹೊತ್ತು ನಿಂತರೆ ಸಾಕು, ಹುಬ್ಬು, ತಲೆಗೂದಲು, ಅಂಗಿಯ ಮಡಿಕೆ ಎಲ್ಲದರ ಮೇಲೂ ಹುಡಿ ಕೂತು ಹಲ್ಲಿನ ನಡುವೆಯೂ ಕರಕರ ಎನ್ನತೊಡಗುತ್ತದೆ. ಬೇರೆ ಕಡೆಯ ಕ್ರಷರ್ ಹುಡಿ ಬೂದು ಬಣ್ಣದ್ದು. ಈ ಸೀಮೆಯ ಸಿತ್ತಂಪೂಂಡಿ, ಕುನ್ನಮಲೈ ಎಂಬ ಊರುಗಳ ಬಂಡೆ ಒಡೆದರೆ ಬರುವ ಹುಡಿ ಬೆಳ್ಳಗಿರುತ್ತದೆ.

ಆ ಬಂಡೆಗೆ ಅನಾರ್ಥೊಸೈಟ್ ಎಂದು ಹೆಸರು. ಹುಣ್ಣಿಮೆಯ ರಾತ್ರಿ ಅಂಗಳದಲ್ಲಿ ನಿಂತು ತಲೆ ಎತ್ತಿದರೆ, ಕಪ್ಪು ಕಲೆಗಳನ್ನು ಬಿಟ್ಟು ಉಳಿದ ಚಂದ್ರ ಬೆಳ್ಳಗೆ ಹೊಳೆಯುತ್ತದಲ್ಲ, ಆ ಬೆಳ್ಳನೆಯ ಎತ್ತರದ ನೆಲವೆಲ್ಲ ಹೆಚ್ಚುಕಡಿಮೆ ಇದೇ ಜಾತಿಯ ಕಲ್ಲಿನದು. ಚಂದ್ರನ ಮೇಲೆ ಗಾಲಿ ಉರುಳಿಸಬೇಕೆಂದು ಹೊರಟ ಇಸ್ರೊದವರಿಗೆ ಮೊದಲು ಬೇಕಾದದ್ದು ಚಂದ್ರನ ಮಣ್ಣು. ಅಂಥ ಕೃತಕ ಮಣ್ಣನ್ನು ಅಮೆರಿಕದಿಂದ ತರಿಸುವುದು ದುಬಾರಿಯ ಬಾಬತ್ತು. ಹಾಗಾಗಿ ತಿರುಚ್ಚಿಯ ಎನ್‌ಐಟಿ, ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಈ ಊರುಗಳ ಬಂಡೆಯತ್ತ ಬೆರಳು ತೋರಿಸಿದರು. ಮನೆ ಕಟ್ಟುವವರಿಗೆ ಜಲ್ಲಿ ಒಡೆದುಕೊಡುವ ಕಸುಬೇ ಚಂದ್ರನ ಮಣ್ಣನ್ನೂ ಒಡೆದುಕೊಟ್ಟಿತು. ಎಷ್ಟು ನುಣುಪು ಬೇಕು, ಎಷ್ಟು ತರಿ ಉಳಿಯಬೇಕು ಎಂದು ಲೆಕ್ಕ ಹಾಕಿ ಪುಡಿ ಮಾಡಿ, ಬೆಂಗಳೂರಿಗೆ ಸಾಗಿಸಿದ್ದು 60 ಟನ್ನಿಗೂ ಮಿಕ್ಕಿ.

ಆ ಪುಡಿ ಹರಡಿದ ಹಜಾರವನ್ನು ಮನಸ್ಸಿನಲ್ಲೇ ಒಮ್ಮೆ ಹೊಕ್ಕು ಬರೋಣ. ಹೊರಗೆ ಮಾರತ್ತಹಳ್ಳಿಯ ಟ್ರಾಫಿಕ್ಕಿನ ಗದ್ದಲ. ಒಳಗೆ ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ಇಸ್ರೊ ಆವರಣ, ಅದರೊಳಗೆ ಬೆಳ್ಳನೆಯ ಬಯಲು. ದಿಬ್ಬ ಇದೆ, ಕುಳಿ ಇದೆ, ಅಲ್ಲಲ್ಲಿ ಕಲ್ಲು ಚೆಲ್ಲಿದ್ದಾರೆ. ಚಂದ್ರನ ಮೇಲೆ ಬಿಸಿಲು ಬೀಳುವ ರೀತಿಗೆ ಹೊಂದಿಸಿದ ದೀಪಗಳ ಬೆಳಕಿನಲ್ಲಿ ಪ್ರತಿ ಕಲ್ಲಿನ ಹಿಂದೆಯೂ ನೆರಳು ಉದ್ದಕ್ಕೆ ಚಾಚಿದೆ. ಮೋಟಾರಿನ ಸಣ್ಣ ಗುಂಯ್‌ಗುಟ್ಟುವಿಕೆ, ಗಾಲಿಯ ಹಲ್ಲುಗಳು ಪುಡಿಯನ್ನು ಕಚ್ಚಿ ಬಿಡುವ ಸರಸರ. ಚಂದ್ರಯಾನ-2ರ ಕಾಲದಲ್ಲಿ ಇಲ್ಲಿ ಓಡಾಡಿದ ಗಾಡಿಯ ಮೇಲೆ ಹೀಲಿಯಂ ಬಲೂನು ಕಟ್ಟಿದ್ದರು. ಚಂದ್ರನ ಸೆಳೆತ ಭೂಮಿಯದರ ಆರನೆಯ ಒಂದು ಪಾಲು. ಆ ಹಗುರತನ ಗಾಲಿಗೆ ತಿಳಿಯಲಿ ಎಂದು ಈ ಉಪಾಯ. ಬಲೂನಿನ ಕೆಳಗೆ ತೂಗುತ್ತ ಆರು ಗಾಲಿಯ ಪುಟ್ಟ ಗಾಡಿ ಇಷ್ಟಿಷ್ಟೇ ಮುಂದೆ ಸಾಗುವುದನ್ನು ಎಂಜಿನಿಯರುಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದ ದಿನಗಳವು.

ಗಾಡಿಯ ಮೈಕಟ್ಟನ್ನು ಹತ್ತಿರದಿಂದ ನೋಡಿ. ಸ್ಪ್ರಿಂಗ್ ಇಲ್ಲ. ಎರಡೂ ಬದಿಯಲ್ಲಿ ತೋಳುಗಳು, ಒಂದಕ್ಕೊಂದು ಕೀಲು ಕೊಟ್ಟು ಕೂಡಿಸಿದವು. ಮುಂದಿನ ಗಾಲಿ ಕಲ್ಲು ಹತ್ತಿದರೆ ತೋಳು ಬಾಗುತ್ತದೆ, ಉಳಿದ ಐದು ಗಾಲಿ ನೆಲ ಬಿಡುವುದಿಲ್ಲ. ರಾಕರ್-ಬೋಗಿ ಎಂಬ ಈ ಜೋಡಣೆ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಹುಟ್ಟಿದ್ದು. 1997ರಲ್ಲಿ ಮಂಗಳನ ಮೇಲಿಳಿದ ಸೋಜರ್ನರ್‌ನಿಂದ ಹಿಡಿದು ನಮ್ಮ ಚಂದ್ರಯಾನ-3ರ ಪ್ರಜ್ಞಾನ್ ತನಕ ಹೆಚ್ಚಿನವಕ್ಕೆಲ್ಲ ಇದೇ ಕಾಲು. ಮೈಯ ಕೆಲಸ ಬಹುಮಟ್ಟಿಗೆ ಬಗೆಹರಿದಿದೆ ಅನ್ನಬಹುದು. ಬಗೆಹರಿಯದೆ ಉಳಿದಿರುವುದು ತಲೆಯ ಕೆಲಸ.

ಕರೆಂಟು ಹೋದ ರಾತ್ರಿ ನಮ್ಮ ಮನೆಯಲ್ಲಿ ನಾವು ಕಣ್ಣು ಮುಚ್ಚಿಕೊಂಡೇ ಅಡುಗೆಮನೆಗೆ ಹೋಗಿ ನೀರು ಕುಡಿದು ಬರುತ್ತೇವೆ. ನೆಂಟರ ಮನೆಯಲ್ಲಿ ಅದೇ ಕತ್ತಲಿದ್ದರೆ ಗೋಡೆ ತಡವುತ್ತೇವೆ, ಕಾಲಿನಿಂದ ಹೊಸ್ತಿಲು ಹುಡುಕುತ್ತೇವೆ, ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತೇವೆ. ಗೋದಾಮುಗಳಲ್ಲಿ ಪೆಟ್ಟಿಗೆ ಹೊತ್ತು ಓಡಾಡುವ ರೋಬೊಗಳು ಸ್ವಂತ ಮನೆಯವು. ನೆಲ ಸಪಾಟು, ದಾರಿ ಮೊದಲೇ ನಕ್ಷೆಯಲ್ಲಿದೆ, ಬೆಳಕು ಒಂದೇ ಸಮ. ಚಂದ್ರನಿಗೋ ಮಂಗಳಕ್ಕೋ ಹೋಗುವ ಗಾಡಿ ಮಾತ್ರ ಸದಾ ನೆಂಟರ ಮನೆಯ ಕತ್ತಲಲ್ಲಿ. ಅಲ್ಲಿ ಜಿಪಿಎಸ್ ಇಲ್ಲ. ದಿಕ್ಸೂಚಿ ನಂಬುವಂತಿಲ್ಲ, ಏಕೆಂದರೆ ಆ ಎರಡು ಗೋಳಗಳಿಗೂ ಭೂಮಿಗಿರುವಂಥ ಕಾಂತಕ್ಷೇತ್ರವಿಲ್ಲ. ಎಡವಿ ಬಿದ್ದರೆ ಎತ್ತಿ ನಿಲ್ಲಿಸುವ ಕೈ ಕೂಡ ಇಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲೂ ಒಂದು ತುಂಡು ಚಂದ್ರ ಇದೆ. ಗಾಳಿಗೆ ಬಾಗುವ ಒಣಹುಲ್ಲು, ಕುರುಚಲು ಜಾಲಿ, ದೂರದಲ್ಲೆಲ್ಲೋ ಕುರಿಮಂದೆಯ ಗಂಟೆ ಸದ್ದು, ಅದರ ನಡುವೆ ನೆಲ ಅಗೆದು ಮಾಡಿದ ದೊಡ್ಡ ದೊಡ್ಡ ಕುಳಿಗಳು. ಚಂದ್ರನ ಮೇಲೆ ಇಳಿಯುವ ನೌಕೆಯ ಕಣ್ಣುಗಳನ್ನು ವಿಮಾನಕ್ಕೆ ಕಟ್ಟಿ ಈ ಕುಳಿಗಳ ಮೇಲೆ ಹಾರಿಸಿ ಪರೀಕ್ಷೆ ಮಾಡುವುದಕ್ಕೆಂದೇ ಇವನ್ನು ತೋಡಿದ್ದು. ಇಳಿಯುವ ನೌಕೆಯೂ ಒಂದು ಸ್ವಯಂಚಾಲಿತ ರೋಬೊ ತಾನೆ? ಕೊನೆಯ ಕೆಲವು ನಿಮಿಷ ಅದಕ್ಕೆ ಯಾರೂ ದಾರಿ ಹೇಳುವಂತಿಲ್ಲ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಹಾಗೆ ಒಂಟಿಯಾಗಿ ಇಳಿಯುತ್ತ ಬಿದ್ದುಹೋಯಿತು. ಎಂಜಿನುಗಳು ಎಣಿಸಿದ್ದಕ್ಕಿಂತ ಹೆಚ್ಚು ಜೋರು ಮಾಡಿದವು, ಸಣ್ಣ ತಪ್ಪುಗಳು ಕೂಡಿಕೂಡಿ ಬೆಳೆದವು, ಅಷ್ಟರಲ್ಲಿ ಅರ್ಧ ಕಿಲೋಮೀಟರ್ ಚೌಕದ ಇಕ್ಕಟ್ಟಾದ ಜಾಗವನ್ನೇ ತಲುಪಬೇಕೆಂದು ನೌಕೆ ವೇಗ ಹೆಚ್ಚಿಸಿಕೊಳ್ಳಬೇಕಾಯಿತು. ಮುಂದಿನ ಸಲ ಇಸ್ರೊ ಪ್ರಶ್ನೆಯನ್ನೇ ಬದಲಿಸಿತು. ಎಲ್ಲ ಸರಿ ಹೋದರೆ ಏನಾಗುತ್ತದೆ ಎಂದು ಕೇಳುವ ಬದಲು, ಏನೇನು ಕೆಡಬಹುದು, ಕೆಟ್ಟಾಗ ಹೇಗೆ ಉಳಿಯುವುದು ಎಂದು ಕೇಳಿಕೊಂಡೇ ಚಂದ್ರಯಾನ-3 ಕಟ್ಟಿದೆವು ಎಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದ್ದರು. ಇಳಿಯುವ ಜಾಗವನ್ನೂ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು.

2023ರ ಆಗಸ್ಟ್ 23ರ ಸಂಜೆ ಆರು ದಾಟಿದಾಗ ಚಂದ್ರಯಾನ-3ರ ವಿಕ್ರಮ್ ಸುರಕ್ಷಿತವಾಗಿ ಇಳಿದದ್ದು ನಿಮಗೆ ಗೊತ್ತು. ಅಂದು ಬೀದಿಬೀದಿಯಲ್ಲಿ ಪಟಾಕಿ ಹೊಡೆದೆವು, ಮಕ್ಕಳನ್ನು ಟೀವಿ ಮುಂದೆ ಕೂರಿಸಿದೆವು. ನನಗೆ ಹೇಳಬೇಕೆನಿಸುವುದು ಪಟಾಕಿಯ ಹೊಗೆ ಇಳಿದ ಮೇಲಿನ ಕತೆ. ವಿಕ್ರಮ್ ಹೊಟ್ಟೆಯಿಂದ ಇಳಿಜಾರು ಹಲಗೆ ಚಾಚಿಕೊಂಡಿತು. ಕೆಲವು ಗಂಟೆಗಳ ಬಳಿಕ 26 ಕೆ.ಜಿ. ತೂಕದ ಪ್ರಜ್ಞಾನ್ ಅದರ ಮೇಲೆ ಜಾರದ ಹಾಗೆ ಇಳಿದು ಮಣ್ಣು ಮುಟ್ಟಿತು. ಚಂದ್ರನ ಮೇಲೆ ಆಗಷ್ಟೇ ಬೆಳಗಾಗಿತ್ತು. ದಕ್ಷಿಣ ಧ್ರುವದ ಕಡೆಗೆ ಅಷ್ಟು ದೂರ ಹೋದರೆ ಸೂರ್ಯ ನಡುಮಧ್ಯಾಹ್ನವೂ ನೆತ್ತಿಗೆ ಬರುವುದಿಲ್ಲ, ದಿಗಂತದಿಂದ ಸ್ವಲ್ಪ ಮೇಲೆ ಓರೆಯಾಗಿಯೇ ಇರುತ್ತಾನೆ. ಗಾಳಿಯಿಲ್ಲದ್ದರಿಂದ ಬೆಳಕು ಚೆದುರುವುದಿಲ್ಲ. ಬಿಸಿಲು ಬಿದ್ದಲ್ಲಿ ಕಣ್ಣು ಕುಕ್ಕುವ ಬೂದು, ಪಕ್ಕದಲ್ಲೇ ಮಸಿಗಪ್ಪು. ಆ ಕಪ್ಪು ಬರಿಯ ನೆರಳೋ, ಗಾಲಿ ನುಂಗುವ ಕುಳಿಯೋ ಎಂದು ಚಿತ್ರ ನೋಡಿದ ತಕ್ಷಣ ಹೇಳಲಾಗದು. ಸೂರ್ಯನ ಕಡೆ ಮುಖ ಮಾಡಿದರೆ ಕ್ಯಾಮೆರಾ ಮಂಜಾಗುತ್ತದೆ. ಬೆನ್ನು ಮಾಡಿದರೆ ನೆರಳುಗಳೆಲ್ಲ ಕಲ್ಲಿನ ಹಿಂದೆ ಅಡಗಿ, ಹಳ್ಳದಿಣ್ಣೆಯೆಲ್ಲ ಒಂದೇ ಮಟ್ಟವಾಗಿ ಕಾಣುತ್ತದೆ.

ಇನ್ನು ಕೆಲಸದ ಲಯ. ಇದನ್ನು ತಿಳಿಯಲು ಪೀಣ್ಯಕ್ಕೆ ಬರಬೇಕು. ಲೇತ್ ಯಂತ್ರಗಳ ಕಿರ್ರೆನ್ನುವ ಸದ್ದು, ಕಟಿಂಗ್ ಆಯಿಲ್ ವಾಸನೆ, ಪಾಳಿ ಬಿಟ್ಟಾಗ ಗೂಡಂಗಡಿಗಳ ಮುಂದೆ ಚಹಾಕ್ಕೆ ನೆರೆಯುವ ಕಾರ್ಮಿಕರು. ಇದೇ ಕೈಗಾರಿಕಾ ಪ್ರದೇಶದಲ್ಲಿ ಪ್ರಜ್ಞಾನ್‌ನ ಎರಡು ಕಣ್ಣುಗಳನ್ನು ಮಾಡಿದ ಇಸ್ರೊದ ಲಿಯೋಸ್ ಪ್ರಯೋಗಾಲಯವಿದೆ. ಇದೇ ಪ್ರದೇಶದಲ್ಲಿ ಅದಕ್ಕೆ ಅಪ್ಪಣೆ ಕಳುಹಿಸಿದ ಇಸ್ಟ್ರ್ಯಾಕ್ ಕೇಂದ್ರವೂ ಇದೆ. ಗಾಡಿ ನಿಲ್ಲುತ್ತದೆ, ಎಡಗಣ್ಣು ಬಲಗಣ್ಣು ಎರಡರಿಂದಲೂ ಚಿತ್ರ ತೆಗೆಯುತ್ತದೆ, ವಿಕ್ರಮ್‌ಗೆ ಕೊಡುತ್ತದೆ. ವಿಕ್ರಮ್ ಅದನ್ನು ಭೂಮಿಯ ಕಡೆ ತೂರುತ್ತದೆ. ಬೆಂಗಳೂರಿನ ಹೊರಗೆ ಬ್ಯಾಲಾಳು ಹಳ್ಳಿಯ ಹೊಲಗದ್ದೆಗಳ ನಡುವೆ ಆಕಾಶಕ್ಕೆ ಮುಖ ಮಾಡಿ ನಿಂತಿರುವ 32 ಮೀಟರ್ ಅಗಲದ ಆಂಟೆನಾ ಅಂಥ ದೂರದ ಸೊಲ್ಲು ಹಿಡಿಯಲೆಂದೇ ಇರುವುದು. ಎರಡು ಚಿತ್ರ ಕೂಡಿಸಿ ಕಂಪ್ಯೂಟರ್ ನೆಲದ ಏರುತಗ್ಗಿನ ನಕ್ಷೆ ಮಾಡುತ್ತದೆ. ಎಂಜಿನಿಯರುಗಳು ಆ ನಕ್ಷೆಯ ಮುಂದೆ ಕೂತು ಇಲ್ಲಿಂದ ಇಲ್ಲಿಗೆ ಹೋಗಲಿ ಎಂದು ತೀರ್ಮಾನಿಸಿ ಅಪ್ಪಣೆ ಕಳಿಸುತ್ತಾರೆ. ಕಣ್ಣಿಗೆ ನಿಚ್ಚಳವಾಗಿ ಎಟುಕುವ ದೂರ ಐದೇ ಮೀಟರ್. ಅಂದಮೇಲೆ ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ನಡೆಯುವಂತಿಲ್ಲ. ನಡೆಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಒಂದು ನಡಿಗೆ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಸುಮಾರು ಐದು ಗಂಟೆ.

ಆಗಸ್ಟ್ 27ರಂದು ಆ ನಕ್ಷೆಯಲ್ಲಿ ಒಂದು ಕುಳಿ ಕಾಣಿಸಿಕೊಂಡಿತು. ಗಾಡಿ ನಿಂತ ಜಾಗದಿಂದ ಮೂರು ಮೀಟರ್ ಮುಂದೆ, ನಾಲ್ಕು ಮೀಟರ್ ಅಗಲ. ಅದಕ್ಕೂ ಮೊದಲು ಹತ್ತು ಸೆಂಟಿಮೀಟರ್ ಆಳದ ಒಂದು ಸಣ್ಣ ತಗ್ಗನ್ನು ಪ್ರಜ್ಞಾನ್ ದಾಟಿತ್ತು, ಎಲ್ಲರ ಎದೆ ಹಗುರಾಗಿತ್ತು. ಈ ಸಲ ಧೈರ್ಯದ ಮಾತಾಡಲಿಲ್ಲ. ಬಂದ ದಾರಿಯಲ್ಲೇ ಹಿಂತಿರುಗು ಎಂದು ಅಪ್ಪಣೆ ಹೋಯಿತು. ಗಾಡಿ ತಾನೇ ಬಿಡಿಸಿದ ಎರಡು ಗೆರೆಗಳ ಮೇಲೆ ಹಿಂದೆ ಬಂದು, ಪಕ್ಕಕ್ಕೆ ಹೊರಳಿ, ಬೇರೆ ದಾರಿ ಹಿಡಿಯಿತು. ಇಡೀ ಯಾತ್ರೆಯಲ್ಲಿ ನನ್ನನ್ನು ಹೆಚ್ಚು ಮುಟ್ಟಿದ್ದು ಈ ಹಿಂತಿರುಗಿದ ಗಳಿಗೆ. ಮುಂದೆ ಹೋಗುವ ಯಂತ್ರ ಕಟ್ಟಬಲ್ಲವರು ಬಹಳ ಮಂದಿ. ನಿಲ್ಲಬೇಕಾದಲ್ಲಿ ನಿಲ್ಲುವ ಯಂತ್ರ ಕಟ್ಟುವುದರಲ್ಲೇ ಈ ವಿದ್ಯೆಯ ಕಷ್ಟವೆಲ್ಲ ಇರುವುದು.

ಸೆಪ್ಟೆಂಬರ್ 2ಕ್ಕೆ ಚಂದ್ರನ ಸಂಜೆ ಹತ್ತಿರವಾಗಿ ಪ್ರಜ್ಞಾನ್‌ನನ್ನು ಮಲಗಿಸುವ ಹೊತ್ತಿಗೆ ಅದು ನೂರು ಮೀಟರ್ ದಾಟಿತ್ತು. ಇಷ್ಟೇನಾ ಎಂದು ಕೇಳಿದವರಿದ್ದಾರೆ. ಐದೈದು ಮೀಟರ್ ಲೆಕ್ಕದಲ್ಲಿ, ಪ್ರತಿ ಸಲವೂ ನಿಂತು ನೋಡಿ ಕೇಳಿ ಹೊರಡುವ ಲಯದಲ್ಲಿ, ಹತ್ತು ದಿನಕ್ಕೆ ನೂರು ಮೀಟರ್ ಎಂದರೆ ಸಣ್ಣದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ದಾರಿಯಲ್ಲಿ 23 ಕಡೆ ನಿಂತು ಮಣ್ಣನ್ನು ಅಳೆದದ್ದರಿಂದಲೇ, ಅಲ್ಲಿನ ನೆಲವೂ ಅನಾರ್ಥೊಸೈಟ್ ಜಾತಿಯದು, ಒಂದು ಕಾಲಕ್ಕೆ ಚಂದ್ರನ ಮೇಲ್ಮೈಯೆಲ್ಲ ಕರಗಿದ ಶಿಲೆಯ ಕಡಲಾಗಿತ್ತು ಎಂಬ ಮಾತಿಗೆ ಬಲ ಬಂದದ್ದು.

ಹಾಗಾದರೆ ಸೇಲಂ ಸೀಮೆಯ ಪುಡಿ ಚಂದ್ರನನ್ನು ಸರಿಯಾಗಿಯೇ ಕಲಿಸಿತ್ತಲ್ಲ ಎನ್ನುತ್ತೀರಿ. ಜಾತಿಯ ಮಟ್ಟಿಗೆ ಹೌದು. ಪ್ರಜ್ಞಾನ್‌ನ ಗಾಲಿಗಳ ಮೇಲೆ ಇಸ್ರೊ ಲಾಂಛನ, ಅಶೋಕ ಸ್ತಂಭದ ಸಿಂಹಗಳನ್ನು ಕೆತ್ತಿದ್ದರು. ನಡೆದಲ್ಲೆಲ್ಲ ಅದರ ಅಚ್ಚು ಉಳಿಯಲಿ ಎಂದು. ಬೆಂಗಳೂರಿನ ಹಜಾರದಲ್ಲಿ ಅಚ್ಚು ಚೊಕ್ಕವಾಗಿ ಮೂಡುತ್ತಿತ್ತು. ಚಂದ್ರನಿಂದ ಬಂದ ಚಿತ್ರಗಳಲ್ಲಿ ಗೆರೆ ಇದೆ, ಸಿಂಹ ಸರಿಯಾಗಿ ಕಾಣುವುದಿಲ್ಲ. ಆ ಮಣ್ಣು ನಾವೆಣಿಸಿದಷ್ಟು ನುಣ್ಣಗಿರಲಿಲ್ಲ, ಹೆಂಟೆಹೆಂಟೆಯಾಗಿ ಅಂಟಿಕೊಂಡಿತ್ತು. ನೆಲದ ಬಿಸಿಯೂ ಹಾಗೆಯೇ. ಇಪ್ಪತ್ತೋ ಮೂವತ್ತೋ ಡಿಗ್ರಿ ಇದ್ದೀತು ಎಂದುಕೊಂಡಿದ್ದ ಕಡೆ ವಿಕ್ರಮ್‌ನ ಉಷ್ಣಮಾಪಕ 70 ಡಿಗ್ರಿ ಹತ್ತಿರದ ಬಿಸಿ ತೋರಿಸಿತು. ಬಲೂನಿನ ಉಪಾಯಕ್ಕೂ ಒಂದು ಮಿತಿ ಇದೆ. ಅದು ಗಾಡಿಯನ್ನು ಹಗುರ ಮಾಡುತ್ತದೆ, ಗಾಲಿಯ ಕೆಳಗಿನ ಮಣ್ಣಿನ ಕಣಗಳನ್ನು ಹಗುರ ಮಾಡುವುದಿಲ್ಲ. ಚಂದ್ರನಲ್ಲಿ ಮಣ್ಣಿಗೂ ಭಾರ ಕಡಿಮೆ, ಕಣಕ್ಕೆ ಕಣ ಅಷ್ಟು ಗಟ್ಟಿಯಾಗಿ ಆತುಕೊಳ್ಳುವುದಿಲ್ಲ. ಭೂಮಿಯ ಮೇಲೆ ಎಷ್ಟೇ ಚೆನ್ನಾಗಿ ಪರೀಕ್ಷಿಸಿದರೂ ಗಾಲಿಗೆ ಇಲ್ಲಿ ಸಿಗುವ ಆಸರೆ ಸ್ವಲ್ಪ ಹೆಚ್ಚೇ.

ಈ ಸ್ವಲ್ಪ ಹೆಚ್ಚು ಎಂಥ ಮೋಸ ಮಾಡಬಲ್ಲದು ಎಂದು ತಿಳಿಯಲು ಮಂಗಳಕ್ಕೆ ಹೋಗಬೇಕು. 2005ರ ಏಪ್ರಿಲ್. ಮೆರಿಡಿಯಾನಿ ಎಂಬ ಬಯಲು. ಕಣ್ಣು ಹಾಯುವಷ್ಟು ದೂರ ತಾಮ್ರದ ಬಣ್ಣದ ಮರಳು, ಗಾಳಿ ಬಾಚಿ ಎಬ್ಬಿಸಿದ ಸಣ್ಣ ಸಣ್ಣ ಅಲೆಗಳು ಒಂದರ ಹಿಂದೊಂದು. ಆಪರ್ಚುನಿಟಿ ಎಂಬ ಗಾಡಿ ಇಂಥ ಎಷ್ಟೋ ಅಲೆಗಳನ್ನು ದಾಟಿ ದಾಟಿ ಪಳಗಿತ್ತು. ಅಂದೂ ಒಂದು ಅಲೆ, ಮೊಣಕಾಲೆತ್ತರವೂ ಇಲ್ಲ. ಗಾಡಿ ಹತ್ತಿತು. ಗಾಲಿ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಗಾಲಿ ಎಷ್ಟು ಸುತ್ತಿತೆಂದು ಎಣಿಸಿ ದೂರ ಹೇಳುವ ಲೆಕ್ಕದ ಪ್ರಕಾರ ಗಾಡಿ ಹತ್ತಾರು ಮೀಟರ್ ಮುಂದೆ ಹೋಗಿತ್ತು. ನಿಜದಲ್ಲಿ ಅದು ನಿಂತಲ್ಲೇ ನಿಂತು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತಿತ್ತು. ಮರುದಿನ ಚಿತ್ರ ಬಂದಾಗ ಆರೂ ಗಾಲಿ ಮರಳಲ್ಲಿ ಹೂತಿದ್ದವು. ಆ ಅಲೆಗೆ ಪರ್ಗೆಟರಿ ಎಂದು ಹೆಸರಿಟ್ಟರು. ಬಿಡಿಸಿಕೊಳ್ಳಲು ಜೂನ್ 4ರ ತನಕ ಹಿಡಿಯಿತು. ಒಂದು ಮೀಟರ್‌ನಷ್ಟು ಸರಿಯುವುದಕ್ಕೆ ಸುಮಾರು 190 ಮೀಟರ್ ಓಡುವಷ್ಟು ಗಾಲಿ ತಿರುಗಿಸಿದ್ದರು.

ಮಂಗಳದ ಇನ್ನೊಂದು ಬದಿಯಲ್ಲಿ ಅದರ ಜೋಡಿ ಗಾಡಿ ಸ್ಪಿರಿಟ್ ಅಷ್ಟು ಅದೃಷ್ಟ ಪಡೆದು ಬಂದಿರಲಿಲ್ಲ. 2006ರಲ್ಲಿ ಅದರ ಮುಂದಿನ ಬಲಗಾಲಿ ನಿಂತುಹೋಯಿತು. ಕುಂಟುತ್ತ, ಸತ್ತ ಗಾಲಿಯನ್ನು ಎಳೆಯುತ್ತ ಹಿಂದುಹಿಂದಕ್ಕೆ ನಡೆಯಿತು. ಆ ಎಳೆತಕ್ಕೆ ಮೇಲಿನ ಮಣ್ಣು ಸರಿದು ಕೆಳಗಿನಿಂದ ಬೆಳ್ಳನೆಯ ಪದರ ಬಯಲಾಯಿತು, ಬಹುಪಾಲು ಶುದ್ಧ ಸಿಲಿಕಾ. ಬಿಸಿನೀರಿನ ಬುಗ್ಗೆಯೋ ಆವಿಯೋ ಇದ್ದ ಜಾಗದಲ್ಲಿ ಉಳಿಯುವಂಥದ್ದು. ಆರೋಗ್ಯವಾಗಿದ್ದ ಗಾಲಿ ಅದರ ಮೇಲೆ ಸುಮ್ಮನೆ ಹಾದುಹೋಗುತ್ತಿತ್ತೇನೋ. 2009ರ ವಸಂತದಲ್ಲಿ ಸ್ಪಿರಿಟ್ ಟ್ರಾಯ್ ಎಂದು ಹೆಸರಾದ ಜಾಗಕ್ಕೆ ಬಂತು. ಮೇಲೆ ಗಟ್ಟಿ ಹೆಪ್ಪು, ಕೆಳಗೆ ಸಡಿಲ ಮಣ್ಣು. ಹೆಪ್ಪು ಮುರಿಯಿತು. ಕ್ಯಾಮೆರಾಕ್ಕೆ ಮೇಲ್ಮೈ ಕಾಣುತ್ತದೆ, ಮೇಲ್ಮೈಯ ಕೆಳಗೇನಿದೆ ಎಂದು ಯಾವ ಕಣ್ಣೂ ಹೇಳಲಾರದು. ಪಸಡೀನಾದ ಅದೇ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಡಯಾಟಮ್ ಮಣ್ಣು, ಜೇಡಿಪುಡಿ ಬೆರೆಸಿ ದೊಡ್ಡ ತೊಟ್ಟಿ ತುಂಬಿ, ಅದರಲ್ಲಿ ಇನ್ನೊಂದು ಗಾಡಿಯನ್ನು ಬೇಕೆಂದೇ ಹೂತು, ಮೂಗುಬಾಯಿಗೆ ಮುಸುಕು ಕಟ್ಟಿಕೊಂಡು ತಿಂಗಳುಗಟ್ಟಲೆ ಬಿಡಿಸುವ ದಾರಿ ಹುಡುಕಿದರು. 2010ರ ಜನವರಿಯಲ್ಲಿ, ಇನ್ನು ಇದು ನಡೆಯದು ಎಂದು ನಾಸಾ ಒಪ್ಪಿಕೊಂಡಿತು. ಚಳಿಗಾಲದ ಸೂರ್ಯನ ಕಡೆ ಫಲಕ ವಾಲಿಸಿಕೊಳ್ಳಲಾಗದೆ, ಮಾರ್ಚ್ 22ರ ಬಳಿಕ ಅದರ ದನಿ ಕೇಳಲಿಲ್ಲ.

ಈ ಎರಡು ಗುಂಡಿಗಳು ರೋಬೊ ಕಟ್ಟುವವರ ಕಣ್ಣು ತೆರೆಸಿದವು. ಗಾಲಿಯ ಲೆಕ್ಕವೊಂದನ್ನೇ ನಂಬಬೇಡ. ನಡೆಯುವ ಮೊದಲು ಒಂದು ಚಿತ್ರ, ನಡೆದ ಮೇಲೆ ಇನ್ನೊಂದು ಚಿತ್ರ ತೆಗೆ. ಅದೇ ಕಲ್ಲು, ಅದೇ ಬಿರುಕು ಎಷ್ಟು ಸರಿದಿದೆ ನೋಡು. ಗಾಲಿ ಹತ್ತು ಅಡಿ ಎನ್ನುತ್ತಿದೆ, ಕಣ್ಣು ಎರಡಡಿ ಎನ್ನುತ್ತಿದೆ ಎಂದಾದರೆ ಅಲ್ಲೇ ನಿಲ್ಲು, ಮನೆಗೆ ಸುದ್ದಿ ಕಳಿಸು. ತನ್ನ ಲೆಕ್ಕವನ್ನು ತಾನೇ ಅನುಮಾನಿಸುವ ಈ ಗುಣವನ್ನು ಯಂತ್ರಕ್ಕೆ ಕಲಿಸುವುದೇ ನನ್ನ ಕಣ್ಣಿಗೆ ಈ ವಿದ್ಯೆಯ ತಿರುಳು. ಹೀಗೆ ಕಲಿಯುತ್ತಲೇ 90 ದಿನ ಬಾಳಲೆಂದು ಕಟ್ಟಿದ ಆಪರ್ಚುನಿಟಿ 2018ರ ಜೂನ್ ತನಕ ಬಾಳಿ 45 ಕಿ.ಮೀ. ನಡೆಯಿತು.

ನೆಲ ಮತ್ತೆ ಹೊಸ ಪಾಠ ಹೇಳಿತು. 2012ರಲ್ಲಿ ಇಳಿದ ಕ್ಯೂರಿಯಾಸಿಟಿ ದೊಡ್ಡ ಗಾಡಿ, 899 ಕೆ.ಜಿ. ಅದರ ಗಾಲಿಯ ಅಲ್ಯೂಮಿನಿಯಂ ಚರ್ಮ ಮುಕ್ಕಾಲು ಮಿಲಿಮೀಟರ್ ದಪ್ಪ. ಮರಳಲ್ಲಿ ಹೂಳದಂತೆ ಎಲ್ಲ ಎಚ್ಚರ ವಹಿಸಿದ್ದರು. ಆದರೆ ಗೇಲ್ ಕುಳಿಯಲ್ಲಿ ಗಾಳಿ ಕೊರೆದು ಚೂಪು ಮಾಡಿದ ಕಲ್ಲುಗಳು, ಬುಡ ನೆಲಕ್ಕೆ ಬೆಸೆದುಕೊಂಡು ಅಲುಗಾಡದೆ ನಿಂತಿದ್ದವು. ವರ್ಷ ಕಳೆದ ಸ್ವಲ್ಪದರಲ್ಲೇ ಗಾಲಿಗಳಲ್ಲಿ ತೂತು ಬಿದ್ದವು, ಸೀಳು ಬಂದವು. ಮುಂದಿನ ಗಾಡಿ ಪರ್ಸೆವೆರೆನ್ಸ್‌ಗೆ ಚರ್ಮ ದಪ್ಪ ಮಾಡಿದರು, ಗಾಲಿಯ ಹಿಡಿತದ ಪಟ್ಟಿಗಳನ್ನು 24ರಿಂದ 48ಕ್ಕೆ ಏರಿಸಿದರು.

ಪರ್ಸೆವೆರೆನ್ಸ್ 2021ರ ಫೆಬ್ರುವರಿ 18ರಂದು ಜೆಜೆರೋ ಕುಳಿಯಲ್ಲಿ ಇಳಿದಾಗ, ಇಳಿಯುತ್ತಲೇ ಕೆಳಗಿನ ನೆಲದ ಚಿತ್ರ ತೆಗೆದು ನಕ್ಷೆಯ ಜೊತೆ ಹೋಲಿಸಿ ಅಪಾಯದ ಜಾಗ ತಪ್ಪಿಸಿಕೊಂಡಿತು. ಅದರ ದಿಕ್ಕು-ನಿಯಂತ್ರಣದ ಕೆಲಸದ ಮುಂದಾಳಾಗಿ, ಗಾಡಿ ನೆಲ ಮುಟ್ಟಿತೆಂದು ಲೋಕಕ್ಕೆ ಸಾರಿದ ಸ್ವಾತಿ ಮೋಹನ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಮಂಗಳಕ್ಕೆ ಒಂದು ಮಾತು ತಲುಪಲು ಗ್ರಹಗಳ ದೂರ ನೋಡಿಕೊಂಡು ಮೂರರಿಂದ ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ. ಪೀಣ್ಯದ ಲಯ ಅಲ್ಲಿ ನಡೆಯದು. ಆದ್ದರಿಂದ ಈ ಗಾಡಿಗೆ ಚಿತ್ರ ಓದುವುದಕ್ಕೆಂದೇ ಎರಡನೆಯ ಕಂಪ್ಯೂಟರ್ ಕೊಟ್ಟರು. ಹಿಂದಿನವು ನಿಂತು ನೋಡಿ ಯೋಚಿಸಿ ಹೊರಡುತ್ತಿದ್ದವು, ಇದು ನಡೆಯುತ್ತಲೇ ನೋಡುತ್ತದೆ, ನೋಡುತ್ತಲೇ ಯೋಚಿಸುತ್ತದೆ. ಬಾಹ್ಯಾಕಾಶದ ವಿಕಿರಣ ತಾಳಬೇಕಾದ್ದರಿಂದ ಅದರ ಮುಖ್ಯ ಪ್ರೊಸೆಸರ್ ನಿಮ್ಮ ಜೇಬಿನ ಮೊಬೈಲಿಗಿಂತ ಎಷ್ಟೋ ಮಂದ. ಅಷ್ಟರಲ್ಲೇ ಮೊದಲ ಮಂಗಳವರ್ಷ ನಡೆದ 17.7 ಕಿ.ಮೀ. ದಾರಿಯಲ್ಲಿ ಶೇಕಡಾ 88 ಭಾಗವನ್ನು ತಾನೇ ಅಳೆದು ನಡೆಯಿತು. ಒಮ್ಮೆ ಮನುಷ್ಯರ ಪರಿಶೀಲನೆಯೇ ಇಲ್ಲದೆ 699.9 ಮೀಟರ್ ಹೋಯಿತು.

ಅದರ ಜೊತೆಗಿದ್ದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿಯ ಕೊನೆಯನ್ನೂ ಹೇಳಲೇಬೇಕು. ಐದು ಸಲ ಹಾರಿದರೆ ಸಾಕು ಎಂದು ಕಟ್ಟಿದ್ದು 72 ಸಲ ಹಾರಿತು. ಹೊಟ್ಟೆಯ ಕೆಳಗಿನ ಕಪ್ಪುಬಿಳುಪು ಕ್ಯಾಮೆರಾ ನೆಲದ ಕಲ್ಲುಗಳನ್ನು ಗುರುತಿಟ್ಟುಕೊಂಡು ತಾನೆಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂದು ತಿಳಿಯುತ್ತಿತ್ತು. 2024ರ ಜನವರಿ 18ರಂದು ಕೆಳಗೆ ಕಲ್ಲಿರಲಿಲ್ಲ. ನುಣ್ಣನೆಯ ಮರಳಿನ ಅಲೆಗಳು, ಎತ್ತ ನೋಡಿದರೂ ಒಂದೇ ತೆರ. ಗುರುತು ಸಿಗದೆ ವೇಗದ ಲೆಕ್ಕ ತಪ್ಪಿ, ಇಳಿಜಾರಿಗೆ ಬಡಿದು ರೆಕ್ಕೆ ಮುರಿಯಿತು. ಬಂಡೆಗಲ್ಲು ಇದ್ದರೆ ಗಾಡಿಗೆ ಕಷ್ಟ, ಇಲ್ಲದಿದ್ದರೆ ಹಾರುವ ಯಂತ್ರಕ್ಕೆ ಕಷ್ಟ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೊಗಸಾಲೆಯಲ್ಲಿ ಹಬ್ಬದ ದಿನಗಳಲ್ಲಿ ಹಾದುಹೋಗುವಾಗ ಸೋಲ್ಡರ್ ವಾಸನೆ ಮೂಗಿಗೆ ಬಡಿಯುತ್ತದೆ. ಹೊಳೆಯುವ ನೆಲದ ಮೇಲೆ ಕಪ್ಪು ಟೇಪಿನ ಗೆರೆ, ಅದರ ಮೇಲೆ ಮಕ್ಕಳು ಕಟ್ಟಿದ ರೋಬೊ ಗುರ್ ಎಂದು ಓಡುತ್ತದೆ, ಚಪ್ಪಾಳೆ ಬೀಳುತ್ತದೆ. ಅದನ್ನು ಹೊತ್ತು ಅಂಗಳಕ್ಕೆ ತಂದರೆ ಬಿಸಿಲಿಗೆ ಸೆನ್ಸರ್ ಬೆಪ್ಪಾಗುತ್ತದೆ, ಗಾಲಿಗೆ ಹುಲ್ಲು ಸುತ್ತಿಕೊಳ್ಳುತ್ತದೆ, ಮಣ್ಣಲ್ಲಿ ಒಂದು ಗಾಲಿ ಸುಮ್ಮನೆ ಸುತ್ತುತ್ತದೆ. ಅಲ್ಲಿ ನಿಂತು ತಲೆ ಕೆರೆದುಕೊಳ್ಳುವ ಹುಡುಗಹುಡುಗಿಯರ ಮುಖದಲ್ಲಿ ನಾನು ಕಂಡ ಕುತೂಹಲ, ಚಪ್ಪಾಳೆಯ ಹೊತ್ತಿನ ಸಂತೋಷಕ್ಕಿಂತ ದೊಡ್ಡದು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ ಈಗ ವಿದ್ಯಾರ್ಥಿಗಳಿಗಾಗಿಯೇ ರೊಬಾಟಿಕ್ಸ್ ಸ್ಪರ್ಧೆ ನಡೆಸುತ್ತಿದೆ. 2024ರಲ್ಲಿ ಬಾಹ್ಯಾಕಾಶದ ರೋವರ್, 2025ರಲ್ಲಿ ಜಿಪಿಎಸ್ ನೆರವಿಲ್ಲದೆ ಹಾರುವ ಡ್ರೋನ್ ಅದರ ವಿಷಯ. ಜಪಾನಿನ ಜೊತೆ ಸೇರಿ ಇಸ್ರೊ ಚಂದ್ರನ ದಕ್ಷಿಣ ಧ್ರುವದ ಕಡೆಗೆ ಇನ್ನೂ ಭಾರದ ರೋವರ್ ಕಳಿಸಲು ಸಿದ್ಧವಾಗುತ್ತಿದೆ. ಅದರ ಮುಂದಿನವನ್ನು ಕಟ್ಟುವವರು ಇಂದು ನಮ್ಮ ಚಿತ್ರದುರ್ಗದಲ್ಲೋ ಕಲಬುರಗಿಯಲ್ಲೋ ಮೊದಲ ವರ್ಷದ ಬೆಂಚಿನ ಮೇಲೆ ಕೂತಿರಬಹುದು.

ಅವರಿಗೆ ಪಾಠ ಹೇಳುವ ಮೇಷ್ಟರುಗಳಲ್ಲಿ ಒಂದು ಕೋರಿಕೆ. ಲ್ಯಾಬಿನ ಹಿಂದಿನ ಖಾಲಿ ಜಾಗದಲ್ಲಿ ಒಂದು ಗುಂಡಿ ತೋಡಿಸಿ. ಒಂದು ಪಾಲು ಎಂ-ಸ್ಯಾಂಡ್, ಒಂದು ಪಾಲು ಎರೆಮಣ್ಣು, ಒಂದಿಷ್ಟು ಕ್ರಷರ್ ಹುಡಿ, ಸಿಕ್ಕಷ್ಟು ಕಲ್ಲು ಸುರಿಸಿ. ಮಳೆ ಬಂದರೆ ಮುಚ್ಚಬೇಡಿ. ಮಕ್ಕಳ ರೋಬೊಗಳಿಗೆ ಅಂಕ ಕೊಡುವುದು ಆ ಗುಂಡಿಯ ಪಕ್ಕದಲ್ಲೇ ಆಗಲಿ, ಅದರಲ್ಲಿ ಸರಿಯಾದ ಹೊತ್ತಿಗೆ ನಿಂತು ಹಿಂತಿರುಗಿದ ರೋಬೊಗೂ ಪೂರ್ತಿ ಅಂಕ ಸಿಗಲಿ.